ಹಿಂದಿನ ಪ್ಲೇಟ್‌ಗೆ ಸ್ನ್ಯಾಪ್ ಲಾಕ್ ಬಿದ್ದಿದೆಯಾ? ನೋಡದೆ ಕಾರು ತೆಗೆಯಬೇಡಿ

ಹಳೇ ಕಾರಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಹಾಕಿಸಲು ಹೊರಟಿದ್ದೀರಾ? ಹಾಗಿದ್ದರೆ ಇದನ್ನು ಓದಿಕೊಂಡೇ ಹೋಗಿ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಗಾಡಿಗಳಿಗೂ ಈ ಪ್ಲೇಟ್ ಬೇಕು ಅಂತ ಕರ್ನಾಟಕದಲ್ಲಿ 2023ರಲ್ಲಿ ಆದೇಶವಾಯಿತು. ಗಡುವು ಮೇಲಿಂದ ಮೇಲೆ ಮುಂದೆ ಹೋಯಿತು. ಪ್ರತಿ ಗಡುವಿನ ಹಿಂದಿನ ವಾರ ಶೋರೂಮ್ ಮುಂದೆ ಕಾರುಗಳ ಸಾಲು. ಅಂಥದ್ದೇ ಒಂದು ದಿನ ನಮ್ಮ ಕಾರಿಗೂ ಪ್ಲೇಟ್ ಬಿತ್ತು.

ಫಿಟ್ಟಿಂಗ್ ಹುಡುಗ ಐದೇ ನಿಮಿಷದಲ್ಲಿ ಕೆಲಸ ಮುಗಿಸಿ "ಆಯ್ತು ಸಾರ್, ತಗೊಂಡ್ ಹೋಗಿ" ಅಂದ. ಮೇಲೆ ಫ್ರೇಮ್‌ಗೆ, ಫಿಟ್ಟಿಂಗ್‌ಗೆ ಅಂತ ಬೇರೆ ದುಡ್ಡು ಕೇಳಿದ. ಕೊಡಲಿಲ್ಲ. ಆನ್‌ಲೈನ್‌ನಲ್ಲಿ ಕಟ್ಟುವ ಹಣದಲ್ಲೇ ಫಿಟ್ಟಿಂಗ್ ಸೇರಿರುತ್ತದೆ, ಅಲ್ಲಿ ಕ್ಯಾಶ್ ಕೊಡುವ ಹಾಗೇ ಇಲ್ಲ.

ಮಳೆಗಾಲದಲ್ಲಿ ನೆಲಮಂಗಲದ ಕಡೆ ಹೋಗುವಾಗ ಸಿಗ್ನಲ್‌ನಲ್ಲಿ ಪಕ್ಕದ ಬೈಕಿನವರು ಕಿಟಕಿ ತಟ್ಟಿದರು. "ಹಿಂದೆ ನಂಬರ್ ಪ್ಲೇಟೇ ಇಲ್ವಲ್ಲ!" ಇಳಿದು ನೋಡಿದರೆ ಡಿಕ್ಕಿ ಬಾಗಿಲ ಮೇಲೆ ಉಳಿದಿದ್ದು ಅರ್ಧ ಕಿತ್ತ ಡಬಲ್ ಟೇಪು, ತುಕ್ಕು ಹಿಡಿದ ಒಂದು ಮಾಮೂಲಿ ಸ್ಕ್ರೂ. ಡಿಕ್ಕಿ ಬಾಗಿಲನ್ನು ದಿನಾ ಧಡ್ ಅಂತ ಹಾಕುತ್ತೇವೆ. ಅಷ್ಟು ಅದುರಾಟಕ್ಕೆ ಅಂಥ ಸ್ಕ್ರೂ ಎಷ್ಟು ದಿನ ತಡೆದೀತು?

ಹಿಂದಿನ ಪ್ಲೇಟ್‌ಗೆ ಸ್ನ್ಯಾಪ್ ಲಾಕ್ ಹಾಕಲೇಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ. ಪ್ಲೇಟನ್ನು ಗಾಡಿಗೆ ಬಿಗಿಯುವ ಆ ಲಾಕ್ ಒಂದು ಸಲ ಕೂತರೆ ಮುಗಿಯಿತು. ತೆಗೆಯಬೇಕಂದರೆ ಮುರಿಯಬೇಕು, ಮತ್ತೆ ಬಳಸಲು ಬರುವುದಿಲ್ಲ. ಸ್ಕ್ರೂಡ್ರೈವರ್ ತಿರುಗಿಸಿದರೆ ಬಿಚ್ಚಿಕೊಂಡು ಬರುತ್ತದಾ? ಹಾಗಾದರೆ ಅದು ಸ್ನ್ಯಾಪ್ ಲಾಕ್ ಅಲ್ಲ, ಅಲ್ಲೇ ನಿಂತು ಬದಲಾಯಿಸಿ ಅನ್ನಿ. ಪ್ಲೇಟ್ ಹಾಕುವ ಮೊದಲೇ "ಈಗ ಲಾಕ್ ಸ್ಟಾಕ್ ಇಲ್ಲ, ನಾಳೆ ಬನ್ನಿ" ಅಂದರೆ ಹಳೇ ಪ್ಲೇಟ್ ಬಿಚ್ಚಿಸದೆ ನಾಳೆಯೇ ಹೋಗಿ.

ಹಾಗೇ ಹೊಸ ಪ್ಲೇಟಿನ ಎಡಗಡೆ ಕಣ್ಣಾಡಿಸಿ. ಮೇಲೆ ಅಶೋಕ ಚಕ್ರದ ಹೊಲೊಗ್ರಾಮ್, ಕೆಳಗೆ ಲೇಸರ್‌ನಲ್ಲಿ ಕೊರೆದ ಸಣ್ಣ ಸಂಖ್ಯೆ ಕಾಣಬೇಕು. ಶೋಕಿಗೆ ಹಾಕಿಸುವ ದಪ್ಪ ಫ್ರೇಮ್ ಕೆಲವು ಸಲ ಅದನ್ನೇ ಮುಚ್ಚಿಬಿಡುತ್ತದೆ. ಮುಂದಿನ ಗಾಜಿನ ಒಳಗಡೆ ಅಂಟಿಸುವ ಸ್ಟಿಕ್ಕರ್ ಕೂಡ ಕೇಳಿ ಪಡೆಯಿರಿ. ಅದರ ಬಣ್ಣ ಪೆಟ್ರೋಲ್‌ಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ.

ಪ್ಲೇಟ್ ಕಳೆದರೆ ಪಕ್ಕದ ಅಂಗಡಿಯಲ್ಲಿ ಬರೆಸಿ ಹಾಕುವ ಕಾಲ ಹೋಯಿತು. ನಾವು ಮೊದಲು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆವು. ಅದರ ಪ್ರತಿ ಹಾಕಿ ಹೊಸದಕ್ಕೆ ಬುಕ್ ಮಾಡಿ, ಮತ್ತೆ ದುಡ್ಡು ಕಟ್ಟಿ ಕಾಯಬೇಕಾಯಿತು. ಶೋರೂಮ್‌ನವರು ಮಾತ್ರ "ನಾವು ಸರಿಯಾಗೇ ಹಾಕಿದ್ವಿ" ಅಂದು ಕೈ ತೊಳೆದುಕೊಂಡರು. ಹಾಕಿಸಿದ ದಿನವೇ ಲಾಕ್‌ನ ಒಂದು ಹತ್ತಿರದ ಫೋಟೋ ತೆಗೆದಿಟ್ಟುಕೊಳ್ಳಿ, ಇಂಥ ಮಾತಿಗೆ ಅದೇ ಉತ್ತರ. ಬಿದ್ದ ಪ್ಲೇಟ್ ಯಾರ ಕೈಗೆ ಸಿಕ್ಕಿತೋ ಗೊತ್ತಿಲ್ಲ. ಹಾಗಾಗಿ ನಮ್ಮ ನಂಬರ್ ಮೇಲೆ ಇ-ಚಲನ್ ಬಂದಿದೆಯಾ ಅಂತ ಈಗಲೂ ಆಗಾಗ ನೋಡುತ್ತಿರುತ್ತೇನೆ. ಠಾಣೆಯ ದೂರಿನ ಪ್ರತಿ ಕಾರಿನಲ್ಲೇ ಇದೆ.