ವರ್ಡ್‌ಪ್ರೆಸ್ ಬ್ಲಾಕ್ ಎಡಿಟರ್: ಕನ್ನಡದಲ್ಲಿ ಬರೆಯುವವರಿಗೆ ಎಷ್ಟು ಒಗ್ಗುತ್ತದೆ?

ವರ್ಡ್‌ಪ್ರೆಸ್ ಎಂಬುದು ಬ್ಲಾಗ್, ಜಾಲತಾಣ ಕಟ್ಟುವ ತಂತ್ರಾಂಶ. ಅದರ ಬ್ಲಾಕ್ ಎಡಿಟರ್‌ನಲ್ಲಿ ಪ್ಯಾರಾ, ಹೆಡಿಂಗ್, ಚಿತ್ರ ಎಲ್ಲವೂ ಒಂದೊಂದು ಬಿಡಿ ಬ್ಲಾಕ್. ಈ ಎಡಿಟರ್‌ನಲ್ಲಿ ಬರಹಗಾರರಿಗೆ ಹೆಚ್ಚು ಉಪಕಾರಿಯಾದದ್ದು ಪ್ರತಿ ಪ್ಯಾರಾದ ಟೂಲ್‌ಬಾರಿನಲ್ಲಿರುವ ಎರಡು ಬಾಣದ ಗುರುತುಗಳು. ಒಂದು ಒತ್ತಿದರೆ ಪ್ಯಾರಾ ಮೇಲಕ್ಕೆ ಹೋಗುತ್ತದೆ, ಇನ್ನೊಂದು ಒತ್ತಿದರೆ ಕೆಳಕ್ಕೆ. ನಾವು ಬರೆಯುವಾಗ ಹಿನ್ನೆಲೆ ಮೊದಲು ಬರುತ್ತದೆ, ಹೇಳಬೇಕಾದ ಮಾತು ನಾಲ್ಕನೆಯ ಪ್ಯಾರಾಕ್ಕೆ ಬಂದು ಕೂರುತ್ತದೆ. ಪರದೆಯ ಮೇಲೆ ಓದುವವರು ಅಲ್ಲಿಯವರೆಗೆ ಕಾಯುವುದಿಲ್ಲ. 1997ರಲ್ಲಿ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 79ರಷ್ಟು ಮಂದಿ ಹೊಸ ಪುಟದ ಮೇಲೆ ಬರೀ ಕಣ್ಣಾಡಿಸಿದ್ದರು. ಪದ ಬಿಡದೆ ಓದಿದವರು ಶೇ. 16 ಮಾತ್ರ. ಹಾಗಾಗಿ ಕರಡು ಮುಗಿದ ಮೇಲೆ ಮಾಡಬೇಕಾದ ಮೊದಲ ಕೆಲಸ, ಮುಖ್ಯ ಮಾತಿರುವ ಪ್ಯಾರಾವನ್ನು ಹುಡುಕಿ ತುದಿಗೆ ಏರಿಸುವುದು. 2018ರ ಡಿಸೆಂಬರ್‌ನಲ್ಲಿ 5.0 ಆವೃತ್ತಿಯೊಂದಿಗೆ ಬ್ಲಾಕ್ ಪದ್ಧತಿ ಬಂದಾಗ ಹಳೆಯ ಎಡಿಟರ್‌ಗೆ ಒಗ್ಗಿಹೋಗಿದ್ದವರು ಗೊಣಗಿದ್ದು ನಿಜ. ಆದರೆ ಬರಹವನ್ನು ಮುರಿದು ಕಟ್ಟುವ ಈ ಸಲೀಸು ಹಳೆಯದರಲ್ಲಿ ಇರಲಿಲ್ಲ.

ಎರಡನೆಯ ಲಾಭ ಔಟ್‌ಲೈನ್. ಮೇಲಿನ ಎಡಭಾಗದಲ್ಲಿ ಲಿಸ್ಟ್ ವ್ಯೂ ತೆರೆದು ಔಟ್‌ಲೈನ್ ಆರಿಸಿದರೆ ಹೆಡಿಂಗ್‌ಗಳಷ್ಟೇ ಸಾಲಾಗಿ ಕಾಣುತ್ತವೆ. ಅವನ್ನಷ್ಟೇ ಓದಿ. ‘ಪೀಠಿಕೆ’, ‘ನಿರ್ವಹಣೆ’, ‘ಇತರ ವಿಷಯಗಳು’ ಎಂದಿದ್ದರೆ ಕಣ್ಣಾಡಿಸುವವರಿಗೆ ಏನೂ ದಕ್ಕಲಿಲ್ಲ ಎಂದೇ ಅರ್ಥ. ‘ನಿರ್ವಹಣೆ’ ತೆಗೆದು ‘ಬ್ಯಾಟರಿ ಉಬ್ಬಿದ್ದರೆ ಚಾರ್ಜ್‌ಗೆ ಹಾಕಬೇಡಿ’ ಎಂದು ಬರೆಯಿರಿ. ಕೆಳಗಿನದನ್ನು ಓದದವರಿಗೂ ವಿಷಯ ಮುಟ್ಟುತ್ತದೆ. ಲೇಖನದ ಶೀರ್ಷಿಕೆಯೇ ಸಾಮಾನ್ಯವಾಗಿ ಮೊದಲ ಮಟ್ಟದ್ದಾಗಿರುವುದರಿಂದ ಒಳಗಿನ ಹೆಡಿಂಗ್‌ಗಳು ಎಚ್2ರಿಂದ, ಅಂದರೆ ಎರಡನೆಯ ಮಟ್ಟದಿಂದ, ಶುರುವಾಗಬೇಕು. ಅಕ್ಷರ ಸಣ್ಣದಾಗಿ ಕಾಣಲೆಂದು ಎಚ್2 ಆದ ಮೇಲೆ ಎಚ್4 ಹಾಕುವವರಿದ್ದಾರೆ. ಅಂಥದ್ದನ್ನು ಔಟ್‌ಲೈನ್ ತಪ್ಪೆಂದು ತೋರಿಸುತ್ತದೆ, ತೋರಿಸಲೇಬೇಕು: ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರು ಹೆಡಿಂಗ್‌ನಿಂದ ಹೆಡಿಂಗ್‌ಗೆ ಹಾರುತ್ತಾ ಪುಟವನ್ನು ಹಿಡಿಯುತ್ತಾರೆ. ಗಾತ್ರ ಬದಲಿಸಲು ಬಲಬದಿಯಲ್ಲಿ ಬೇರೆ ಸೆಟ್ಟಿಂಗ್ ಇದೆ.

ಔಟ್‌ಲೈನ್ ಇರುವ ಜಾಗದಲ್ಲೇ ಕಾಣುವ ‘ಓದಲು ಬೇಕಾದ ಸಮಯ’ವನ್ನು ಮಾತ್ರ ಕನ್ನಡಕ್ಕೆ ನಂಬಬೇಡಿ. ನಿಮಿಷಕ್ಕೆ 189 ಪದ ಎಂಬ ಲೆಕ್ಕ ಅದರದು. ‘ಮನೆಯಲ್ಲಿದ್ದವರಿಗೆ’ ಎಂಬುದೂ ಒಂದು ಪದ, ‘ಮನೆ’ ಎಂಬುದೂ ಒಂದು ಪದ ಎಂದು ಎಣಿಸಿದರೆ ಸಮಯ ಕಡಿಮೆಯೇ ಬರುತ್ತದೆ. ಒಮ್ಮೆ ಗಟ್ಟಿಯಾಗಿ ಓದಿ ಗಡಿಯಾರ ನೋಡುವುದು ಇದಕ್ಕಿಂತ ವಾಸಿ. ಎಲ್ಲಿ ಉಸಿರು ಕಟ್ಟುತ್ತದೋ ಆ ವಾಕ್ಯ ಒಡೆಯಬೇಕೆಂಬುದೂ ಆಗಲೇ ಗೊತ್ತಾಗುತ್ತದೆ.

ಕನ್ನಡದವರು ನಿಜವಾಗಿ ಪೆಟ್ಟು ತಿನ್ನುವುದು ಲಿಂಕ್‌ನಲ್ಲಿ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಅದರಿಂದಲೇ ಸ್ಲಗ್, ಅಂದರೆ ವೆಬ್ ವಿಳಾಸದ ಕೊನೆಯ ತುಣುಕು, ತಯಾರಿಸುತ್ತದೆ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ವೆಬ್ ವಿಳಾಸದಲ್ಲಿ ಅದು ಶೇಕಡಾ ಚಿಹ್ನೆ ಸೇರಿ 9 ಅಕ್ಷರವಾಗಿ ಹಿಗ್ಗುತ್ತದೆ. ‘ಕ್ಷೇತ್ರ’ ಕಣ್ಣಿಗೆ ಎರಡೇ ಅಕ್ಷರ, ಒಳಗೆ ಮಾತ್ರ 7 ಸಂಕೇತ, ವಿಳಾಸದಲ್ಲಿ 63 ಅಕ್ಷರ. ಸ್ಲಗ್‌ಗೆ ಇರುವ ಮಿತಿಯೇ 200. ಅಂದರೆ ಹೆಚ್ಚೆಂದರೆ 22 ಸಂಕೇತ. ಮೂರನೆಯ ಅಥವಾ ನಾಲ್ಕನೆಯ ಪದದ ನಡುವೆಯೇ ವಿಳಾಸ ತುಂಡಾಗುತ್ತದೆ. ಕಾಪಿ ಮಾಡಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ ಕಂಡು, ಇದು ಯಾವುದೋ ಮೋಸದ ಲಿಂಕ್ ಎಂದು ಓದುಗರು ಹೆದರಿದರೆ ಅವರ ತಪ್ಪಲ್ಲ. ಪಬ್ಲಿಷ್ ಮಾಡುವ ಮುನ್ನ ಬಲಬದಿಯ ಪಟ್ಟಿಯಲ್ಲಿ ಸ್ಲಗ್ ತೆರೆದು, ಮೂರೋ ನಾಲ್ಕೋ ಪದಗಳನ್ನು ರೋಮನ್ ಲಿಪಿಯಲ್ಲಿ, ನಡುವೆ ಹೈಫನ್ ಇಟ್ಟು ಬರೆಯಿರಿ. ಪ್ರಕಟವಾದ ಪೋಸ್ಟ್‌ನ ಸ್ಲಗ್ ಬದಲಿಸಿದರೆ ಹಳೆಯ ಲಿಂಕ್ ತಾನಾಗಿ ಹೊಸದಕ್ಕೆ ಕರೆದೊಯ್ಯುತ್ತದೆ. ‘ಪೇಜ್’ಗಳಿಗೆ ಆ ಅನುಕೂಲವಿಲ್ಲ, ಅಲ್ಲಿ ಬದಲಿಸಿದರೆ ಹಳೆಯ ಲಿಂಕ್ ಸತ್ತಂತೆ.

ಲೇಖನದ ಕಿರುಪರಿಚಯವಾದ ಎಕ್ಸರ್ಪ್ಟ್ ಖಾಲಿ ಬಿಟ್ಟಾಗ ಆಗುವ ತೊಂದರೆ ನಮ್ಮ ವಾಕ್ಯರಚನೆಯಿಂದಲೇ ಹುಟ್ಟಿದ್ದು. ಥೀಮ್ (ತಾಣದ ವಿನ್ಯಾಸ) ಬೇರೆ ಹೇಳದಿದ್ದರೆ ವರ್ಡ್‌ಪ್ರೆಸ್ ಮೊದಲ 55 ಪದ ಕತ್ತರಿಸಿ ಪಟ್ಟಿಯಲ್ಲಿ ತೋರಿಸುತ್ತದೆ. ನಮ್ಮಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಕತ್ತರಿ ಅದಕ್ಕೂ ಮೊದಲೇ ಬಿದ್ದರೆ, ಬೆಲೆ ಏರಿತೋ ಇಳಿಯಿತೋ, ಮಾಡಬೇಕೋ ಮಾಡಬಾರದೋ ತಿಳಿಯುವುದೇ ಇಲ್ಲ. ಎರಡು ಚಿಕ್ಕ, ಪೂರ್ಣ ವಾಕ್ಯಗಳನ್ನು ಕೈಯಾರೆ ಬರೆದು ಹಾಕಿ.

ಟೈಪ್ ಮಾಡುವ ವಿಷಯ. ಅಡ್ಡಗೀಟು (/) ಒತ್ತಿ ಬ್ಲಾಕ್ ಕರೆಯುವುದು ಇದರ ಜನಪ್ರಿಯ ಶಾರ್ಟ್‌ಕಟ್. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಆ ಕೀಲಿ ಒತ್ತಿದರೆ ‘ಯ’ ಬೀಳುತ್ತದೆ, ಆದ್ದರಿಂದ ಪ್ರತಿ ಸಲ ಇಂಗ್ಲಿಷ್‌ಗೆ ಹೊರಳಬೇಕು. ನುಡಿ ಕೀಲಿಮಣೆ ವಿನ್ಯಾಸದವರಿಗೆ ಈ ಕಾಟವಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಆನ್ಸಿ ಫಾಂಟ್‌ನಲ್ಲಿ ಟೈಪಿಸಿದ ಕಡತವನ್ನು ನೇರ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬರುತ್ತದೆ. ಅದು ಎಡಿಟರ್‌ನ ದೋಷವಲ್ಲ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

6.5ನೇ ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳಲ್ಲಿ ಫಾಂಟ್ ಲೈಬ್ರರಿ ಸಿಗುತ್ತದೆ. ನೋಟೊ ಸ್ಯಾನ್ಸ್ ಕನ್ನಡವನ್ನು ಅಲ್ಲಿಂದಲೇ ಹಾಕಿಕೊಳ್ಳಬಹುದು. ಹಾಕಿಕೊಂಡ ಮೇಲೆ ಸಾಲಿನ ಎತ್ತರ ನೋಡಲೇಬೇಕು. ರೋಮನ್ ಲಿಪಿಗೆಂದು 1.4 ಅಥವಾ 1.5ಕ್ಕೆ ಇಟ್ಟಿರುವ ಥೀಮ್‌ಗಳಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುವಷ್ಟು ಹತ್ತಿರವಾಗುತ್ತವೆ. 1.7ರಿಂದ 1.8 ಇಟ್ಟರೆ ಕಣ್ಣಿಗೆ ಹಿತ. ಲೆಟರ್ ಸ್ಪೇಸಿಂಗ್ ಮುಟ್ಟಬೇಡಿ, ಕನ್ನಡದ ಅಕ್ಷರಗಳ ನಡುವೆ ಅನಗತ್ಯ ಬಿರುಕು ಬೀಳುತ್ತದೆ. ಒತ್ತಿ ಹೇಳಬೇಕಾದಲ್ಲಿ ಇಟಾಲಿಕ್ ಬೇಡ, ಬೋಲ್ಡ್ ಸಾಕು; ಅದೂ ಪ್ಯಾರಾಕ್ಕೆ ಒಂದು ಕಡೆ ಮಾತ್ರ.