ಟೆಲ್ಮಿಸಾರ್ಟಾನ್ 40 + ಆಮ್ಲೋಡಿಪಿನ್ 5: ಬಿಪಿಯ ಜೋಡಿ ಮಾತ್ರೆ ಕೊಳ್ಳುವವರಿಗೂ ನುಂಗುವವರಿಗೂ

ಮೆಡಿಕಲ್ ಶಾಪಿನಲ್ಲಿ ಇದನ್ನು ಪೂರ್ತಿ ಹೆಸರು ಹಿಡಿದು ಕೇಳುವವರು ಕಡಿಮೆ. ‘ಟೆಲ್ಮಾ ಎಎಂ ಕೊಡಿ’, ‘ಟೆಲ್ಮಿಕೈಂಡ್ ಎಎಂ ಎರಡು ಸ್ಟ್ರಿಪ್’ ಎನ್ನುತ್ತಾರೆ. ಕಂಪನಿ ಯಾವುದಾದರೂ ಒಳಗಿರುವುದು ಎರಡೇ ಔಷಧ: ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ, ಆಮ್ಲೋಡಿಪಿನ್ 5 ಮಿ.ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಬಿಪಿಯ ಜೋಡಿ ಮಾತ್ರೆಗಳನ್ನು ಮೊದಲ ಬಾರಿಗೆ ಸೇರಿಸಿದಾಗ ಈ ಜೋಡಿಗೂ ಜಾಗ ಸಿಕ್ಕಿತು. ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ. ಔಷಧವಾಗಿ ಇದು ಬಹಳ ಒಳ್ಳೆಯ ಜೋಡಿ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಇದಕ್ಕೆ ಹೆಸರಿಡುವ ರೀತಿ, ಸ್ಟ್ರಿಪ್ ಕತ್ತರಿಸಿ ಕೊಡುವ ಅಭ್ಯಾಸ, ಮನೆಯಲ್ಲಿ ಇಟ್ಟುಕೊಳ್ಳುವ ಕ್ರಮ ಈ ಮೂರೂ ಸೇರಿ ಒಳ್ಳೆಯ ಮಾತ್ರೆಯನ್ನು ಅಪಾಯಕ್ಕೆ ದೂಡುತ್ತವೆ.

ಎರಡು ಔಷಧ ಯಾಕೆ, ಒಂದನ್ನೇ ಜಾಸ್ತಿ ಮಾಡಿದರೆ ಆಗದೇ ಎಂದು ತುಂಬಾ ಜನ ಕೇಳುತ್ತಾರೆ. 42 ಪ್ರಯೋಗಗಳನ್ನು ಒಟ್ಟಿಗೆ ನೋಡಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆ ಇದಕ್ಕೆ ಉತ್ತರ ಕೊಟ್ಟಿದೆ. ಒಂದೇ ಔಷಧದ ಡೋಸ್ ದುಪ್ಪಟ್ಟು ಮಾಡಿದಾಗ ಬಿಪಿ ಎಷ್ಟು ಹೆಚ್ಚುವರಿಯಾಗಿ ಇಳಿಯುತ್ತದೋ, ಬೇರೆ ಗುಂಪಿನ ಇನ್ನೊಂದು ಔಷಧ ಸೇರಿಸಿದಾಗ ಅದರ ಸುಮಾರು ಐದರಷ್ಟು ಇಳಿಯುತ್ತದೆ. ಆಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ನಾಳಗಳನ್ನು ಬಿಗಿಗೊಳಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನಿಗೆ ಟೆಲ್ಮಿಸಾರ್ಟಾನ್ ಅಡ್ಡ ನಿಲ್ಲುತ್ತದೆ. ಎರಡೂ ಮೈಯಿಂದ ನಿಧಾನವಾಗಿ ಹೊರಹೋಗುವ ಔಷಧಗಳು. ರಕ್ತದಲ್ಲಿ ಟೆಲ್ಮಿಸಾರ್ಟಾನ್ ಅರ್ಧಕ್ಕಿಳಿಯಲು ಸುಮಾರು 24 ಗಂಟೆ ಬೇಕು, ಆಮ್ಲೋಡಿಪಿನ್‌ಗೆ 30ರಿಂದ 50 ಗಂಟೆ. ದಿನಕ್ಕೊಂದೇ ಸಲ ನುಂಗಿದರೆ ಸಾಕಾಗುವುದು ಇದರಿಂದಲೇ. ಹಾಗೆಯೇ ಪೂರ್ತಿ ಪರಿಣಾಮ ಕಾಣಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಮೂರು ದಿನ ನುಂಗಿ ‘ಬಿಪಿ ಇಳಿದಿಲ್ಲ’ ಎಂದು ಔಷಧ ಬದಲಿಸಲು ಓಡುವುದರಲ್ಲಿ ಅರ್ಥವಿಲ್ಲ.

ಈಗ ಮಾತ್ರೆಯ ರಚನೆಗೆ ಬರೋಣ. ಕೈಯಲ್ಲಿ ಹಿಡಿದು ನೋಡಿದರೆ ಹಲವು ಕಂಪನಿಗಳ ಮಾತ್ರೆ ಎರಡು ಬಣ್ಣದ ಎರಡು ಪದರವಾಗಿ ಕಾಣುತ್ತದೆ. ಅದು ಬರೀ ಅಂದಕ್ಕಲ್ಲ. ಟೆಲ್ಮಿಸಾರ್ಟಾನ್ ನೀರಿನಲ್ಲಿ ಸುಲಭವಾಗಿ ಕರಗದು. ಕರಗಿಸಲು ಅದರ ಜೊತೆ ಕ್ಷಾರ ಸೇರಿಸಬೇಕು, ಆ ಕ್ಷಾರ ಆಮ್ಲೋಡಿಪಿನ್‌ಗೆ ಹಿಡಿಸುವುದಿಲ್ಲ. ಅದಕ್ಕೇ ಎರಡನ್ನೂ ಬೇರೆ ಬೇರೆ ಪದರದಲ್ಲಿ ಒತ್ತಿ ಒಂದು ಮಾತ್ರೆ ಮಾಡುತ್ತಾರೆ. ಇಂಥದ್ದನ್ನು ಚಾಕುವಿನಿಂದ ಅರ್ಧ ಮಾಡಿದರೆ ಎರಡು ಔಷಧವೂ ಸಮನಾಗಿ ಅರ್ಧವಾಗುತ್ತದೆ ಎಂಬ ಖಾತ್ರಿ ಇಲ್ಲ, ಪುಡಿ ಮಾಡಿ ನೀರಿಗೆ ಹಾಕುವುದೂ ಬೇಡ. ಕಡಿಮೆ ಡೋಸ್ ಬೇಕಾದರೆ ವೈದ್ಯರು ಎರಡನ್ನೂ ಬಿಡಿಬಿಡಿಯಾಗಿ ಬರೆದುಕೊಡಬೇಕು.

ಅದೇ ಕ್ಷಾರದಿಂದಾಗಿ ಟೆಲ್ಮಿಸಾರ್ಟಾನ್ ಮಾತ್ರೆ ಗಾಳಿಯ ತೇವವನ್ನು ಹೀರುತ್ತದೆ. ಒಳ್ಳೆಯ ಕಂಪನಿಗಳು ಇದನ್ನು ಎರಡೂ ಬದಿ ಅಲ್ಯೂಮಿನಿಯಂ ಇರುವ ಸ್ಟ್ರಿಪ್‌ನಲ್ಲೇ ಕೊಡುತ್ತವೆ. ಮಾತ್ರೆ ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಸ್ಟ್ರಿಪ್‌ಗಿಂತ ಇದನ್ನೇ ಆರಿಸಿ. ವಾರದ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ಬೇರೆ ಮಾತ್ರೆಗಳಿಗೆ ಅನುಕೂಲ, ಇದಕ್ಕೆ ಸರಿಹೊಂದದು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಬಿಚ್ಚಿಟ್ಟ ಮಾತ್ರೆ ಕೆಲವೇ ದಿನದಲ್ಲಿ ಮೆತ್ತಗಾಗಿ ಮೇಲ್ಮೈ ಉಬ್ಬಬಹುದು. ಡಬ್ಬಿಯೇ ಬೇಕೆನ್ನುವವರು ಸ್ಟ್ರಿಪ್ಪನ್ನು ಫಾಯಿಲ್ ಹರಿಯದಂತೆ ಒಂದೊಂದು ಮಾತ್ರೆಗೆ ಕತ್ತರಿಸಿ, ಹೊದಿಕೆ ಸಮೇತ ಖಾನೆಗೆ ಹಾಕಿಡಿ. ಆ ತುಂಡುಗಳಲ್ಲಿ ಚೂಪಾದ ಮೂಲೆ ಇರುತ್ತದೆ. ವಯಸ್ಸಾದವರು ಮರೆತು ಹೊದಿಕೆ ಸಮೇತ ನುಂಗಿ ಗಂಟಲಿಗೆ ಗಾಯ ಮಾಡಿಕೊಳ್ಳುವುದುಂಟು, ಅಂಥವರಿಗೆ ಮನೆಯವರೇ ದಿನವೂ ಬಿಚ್ಚಿ ಕೊಡಬೇಕು.

ಅತಿ ಹೆಚ್ಚು ತಪ್ಪು ನಡೆಯುವುದು ಹೆಸರಿನಲ್ಲಿ. ಒಂದೇ ಬ್ರ್ಯಾಂಡ್ ಹೆಸರಿನ ಬಾಲ ಬದಲಾದರೆ ಔಷಧವೇ ಬದಲಾಗುತ್ತದೆ. ಬರೀ 40 ಎಂದಿದ್ದರೆ ಟೆಲ್ಮಿಸಾರ್ಟಾನ್ ಮಾತ್ರ. ಎಎಂ ಎಂದರೆ ಆಮ್ಲೋಡಿಪಿನ್ ಸೇರಿದೆ. ಎಚ್ ಎಂದರೆ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರವರ್ಧಕ, ಸಾಮಾನ್ಯವಾಗಿ 12.5 ಮಿ.ಗ್ರಾಂ. ಸಿಟಿ ಎಂದರೆ ಕ್ಲೋರ್‌ಥಾಲಿಡೋನ್ ಎಂಬ ಇನ್ನೊಂದು ಮೂತ್ರವರ್ಧಕ, ಎಲ್‌ಎನ್ ಎಂದರೆ ಆಮ್ಲೋಡಿಪಿನ್ ಗುಂಪಿನದೇ ಆದ ಸಿಲ್ನಿಡಿಪಿನ್, ಎಎಂಎಚ್ ಎಂದರೆ ಮೂರು ಔಷಧ ಒಟ್ಟಿಗೆ. ಚೀಟಿಯಲ್ಲಿ ಎಎಂ ಬರೆದದ್ದು ಅಂಗಡಿಯಲ್ಲಿ ಎಎಂಎಚ್ ಆದರೆ ಕೇಳದ ಮೂತ್ರವರ್ಧಕ ಹೊಟ್ಟೆ ಸೇರುತ್ತದೆ. ವಯಸ್ಸಾದವರಲ್ಲಿ ಇದರಿಂದ ರಕ್ತದ ಸೋಡಿಯಂ ಇಳಿದು ಗೊಂದಲ, ಸುಸ್ತು, ಬೀಳುವಿಕೆ ಆಗಬಹುದು. ಬೀಟಾ ಎಂಬ ಬಾಲವನ್ನು ವಿಶೇಷವಾಗಿ ಗಮನಿಸಿ. ಅದರಲ್ಲಿ ಮೆಟೊಪ್ರೊಲಾಲ್‌ನಂಥ, ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಗುಂಪಿನ ಔಷಧ ಇರುತ್ತದೆ. ಈ ಗುಂಪಿನ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಎದೆಬಡಿತ ಏರಿ, ಹೃದಯದ ತೊಂದರೆ ಇರುವವರಿಗೆ ಎದೆನೋವು ಬರಬಹುದು. ಅಸ್ತಮಾ ಇರುವವರಿಗೆ ಇವು ಉಸಿರಾಟದ ತೊಂದರೆ ತರಬಹುದು.

ಎರಡನೆಯ ಬಲೆ ಒಂದೇ ಔಷಧವನ್ನು ಎರಡು ಸಲ ನುಂಗುವುದು. ಮೊದಲು ಬೆಂಗಳೂರಿನದೇ ಕಂಪನಿ ಮೈಕ್ರೋ ಲ್ಯಾಬ್ಸ್‌ನ ಆಮ್ಲಾಂಗ್ 5 ನುಂಗುತ್ತಿದ್ದವರಿಗೆ ವೈದ್ಯರು ಎಎಂ ಮಾತ್ರೆ ಬರೆದುಕೊಡುತ್ತಾರೆ. ಹಳೆಯದನ್ನು ನಿಲ್ಲಿಸಿ ಎಂದು ಚೀಟಿಯಲ್ಲಿ ಇರುವುದಿಲ್ಲ. ಮನೆಯಲ್ಲಿ ಉಳಿದ ಸ್ಟ್ರಿಪ್ಪೂ ಜೊತೆಗೇ ಸಾಗುತ್ತದೆ, ದಿನದ ಆಮ್ಲೋಡಿಪಿನ್ 10 ಮಿ.ಗ್ರಾಂ ಆಗುತ್ತದೆ, ಕಾಲು ಊದಿಕೊಳ್ಳುತ್ತದೆ. ಎಸ್-ಆಮ್ಲೋಡಿಪಿನ್ ಎಂದು ಬರೆದ ಮಾತ್ರೆಗಳಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಅದರ 2.5 ಮಿ.ಗ್ರಾಂ ಸಾಮಾನ್ಯ ಆಮ್ಲೋಡಿಪಿನ್‌ನ 5 ಮಿ.ಗ್ರಾಂಗೆ ಸಮ. ಹಾಗಾಗಿ ಸ್ಟ್ರಿಪ್‌ನ ಮುಂಭಾಗದ ದಪ್ಪಕ್ಷರದ ಹೆಸರನ್ನು ಬಿಟ್ಟು, ಹಿಂಭಾಗದ ಸಣ್ಣಕ್ಷರದ ಸಂಯೋಜನೆ ಓದಿ. ಅಲ್ಲಿ ಟೆಲ್ಮಿಸಾರ್ಟಾನ್ ಐಪಿ 40 ಮಿ.ಗ್ರಾಂ, 5 ಮಿ.ಗ್ರಾಂ ಆಮ್ಲೋಡಿಪಿನ್‌ಗೆ ಸಮನಾದ ಆಮ್ಲೋಡಿಪಿನ್ ಬೆಸಿಲೇಟ್ ಎಂಬ ಎರಡು ಸಾಲು ಇರಬೇಕು, ಮೂರನೆಯದು ಇರಬಾರದು. ಆ ಸಾಲುಗಳನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಮುಂದಿನ ಸಲ ಅಂಗಡಿಯಲ್ಲಿ ಅದನ್ನೇ ತೋರಿಸಿ ಕೇಳಿ.

ಕಾಲು ಊತದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಮಾತ್ರೆಯನ್ನು ಜನ ತಾವಾಗಿಯೇ ಬಿಡುವುದು ಮುಖ್ಯವಾಗಿ ಇದರಿಂದ. ಸಂಜೆ ಹೊತ್ತಿಗೆ ಎರಡೂ ಕಣಕಾಲು ಬಾತು, ಬೆಳಿಗ್ಗೆ ಎದ್ದಾಗ ಕಡಿಮೆಯಾಗಿದ್ದರೆ ಆಮ್ಲೋಡಿಪಿನ್ ಮೇಲೆ ಸಂಶಯ ಪಡಬಹುದು. ಮೈಯಲ್ಲಿ ನೀರು ತುಂಬಿಕೊಂಡದ್ದರಿಂದ ಇದು ಆಗುವುದಲ್ಲ. ಸಣ್ಣ ಅಪಧಮನಿಗಳು ಹಿಗ್ಗಿ ಅದರ ಮುಂದಿನ ಸೂಕ್ಷ್ಮನಾಳಗಳಲ್ಲಿ ಒತ್ತಡ ಏರಿ ದ್ರವ ಹೊರಗೆ ಜಿನುಗುತ್ತದೆ. ಅದಕ್ಕೇ ಮೂತ್ರ ಹೋಗುವ ಮಾತ್ರೆ ಸೇರಿಸಿದರೂ ಊತ ಅಷ್ಟಾಗಿ ಇಳಿಯದು. ಒಂದು ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ, ಅದರಿಂದ ಸೋಡಿಯಂ ಇಳಿದು ಮತ್ತೊಂದು ತೊಂದರೆ, ಹೀಗೆ ಸರಣಿ ಬೆಳೆಯುತ್ತದೆ. ಈ ಜೋಡಿಯ ಒಳ್ಳೆಯತನ ಇಲ್ಲೇ ಕಾಣುತ್ತದೆ: ಟೆಲ್ಮಿಸಾರ್ಟಾನ್ ರಕ್ತ ವಾಪಸ್ ಹೋಗುವ ಬದಿಯ ನಾಳಗಳನ್ನೂ ಹಿಗ್ಗಿಸುವುದರಿಂದ ಊತ ಕಡಿಮೆಯಾಗುತ್ತದೆ. 10 ಮಿ.ಗ್ರಾಂ ಆಮ್ಲೋಡಿಪಿನ್ ಒಂದನ್ನೇ ನುಂಗುವವರಿಗಿಂತ 40 + 5ರವರಲ್ಲಿ ಈ ದೂರು ಕಡಿಮೆ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಊತದ ಜೊತೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಿದ್ದರೆ ಮಾತ್ರೆಯನ್ನು ದೂರುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ. ಒಸಡು ದಪ್ಪವಾಗುವುದೂ ಆಮ್ಲೋಡಿಪಿನ್‌ನ ಅಪರೂಪದ ಪರಿಣಾಮ. ದಂತವೈದ್ಯರಿಗೆ ಔಷಧದ ಹೆಸರು ಹೇಳಿ.

ಟೆಲ್ಮಿಸಾರ್ಟಾನ್ ಬದಿಯಲ್ಲಿ ಕಾಯಬೇಕಾದದ್ದು ಮೂತ್ರಪಿಂಡ ಮತ್ತು ಪೊಟ್ಯಾಷಿಯಂ. ಶುರು ಮಾಡುವ ಮೊದಲು ಒಮ್ಮೆ, ಶುರು ಮಾಡಿ 2ರಿಂದ 4 ವಾರದೊಳಗೆ ಇನ್ನೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಳತೆ), ಪೊಟ್ಯಾಷಿಯಂ ಪರೀಕ್ಷೆ ಆಗಬೇಕು. ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಮೊದಲಿದ್ದುದಕ್ಕಿಂತ 30 ಶೇಕಡಾಕ್ಕೂ ಹೆಚ್ಚು ಏರಿದರೆ, ಅಥವಾ ಪೊಟ್ಯಾಷಿಯಂ 5.5 ದಾಟಿದರೆ ವೈದ್ಯರಿಗೆ ಕೂಡಲೇ ತಿಳಿಸಿ. ಎಳನೀರಿನ ಬಗ್ಗೆ ಕೇಳುವವರು ಬಹಳ. ಒಂದು ಲೋಟ ಎಳನೀರಿನಲ್ಲಿ ಪೊಟ್ಯಾಷಿಯಂ ಸುಮಾರು 500 ಮಿ.ಗ್ರಾಂ ಇರುತ್ತದೆ. ಮೂತ್ರಪಿಂಡ ಸರಿಯಿರುವವರು ದಿನಕ್ಕೊಂದು ಕುಡಿದರೆ ಆತಂಕವಿಲ್ಲ, ಮೂತ್ರಪಿಂಡ ದುರ್ಬಲವಿದ್ದರೆ ಬೇಡ. ಅದಕ್ಕಿಂತ ಅಪಾಯ ‘ಕಡಿಮೆ ಸೋಡಿಯಂ’ ಉಪ್ಪಿನದು. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಷಿಯಂ ಕ್ಲೋರೈಡ್ ಹಾಕಿರುತ್ತಾರೆ, ಸಾರು ಪಲ್ಯ ಎಲ್ಲದರ ಮೂಲಕ ದಿನವಿಡೀ ಒಳಹೋಗುತ್ತದೆ. ಇದಕ್ಕಿಂತ ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೆ ಕಡಿವಾಣ ಹಾಕುವುದು ಕ್ಷೇಮ.

ಮಂಡಿನೋವಿಗೆ ಅಂಗಡಿಯಿಂದ ತಾವೇ ತರುವ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಈ ಮಾತ್ರೆಯ ಕೆಲಸ ಕೆಡಿಸಿ ಬಿಪಿ ಏರಿಸುತ್ತವೆ, ಮೂತ್ರಪಿಂಡದ ಮೇಲೂ ಭಾರ ಹಾಕುತ್ತವೆ. ಜೊತೆಗೆ ಮೂತ್ರವರ್ಧಕವೂ ಇದ್ದರೆ ಅಪಾಯ ಇನ್ನಷ್ಟು. ಇಂಥವರಿಗೆ ಪ್ಯಾರಾಸಿಟಮಾಲ್ ವಾಸಿ. ವಾಂತಿಭೇದಿಯಿಂದ ನೀರು ಕಳೆದುಕೊಂಡ ದಿನಗಳಲ್ಲಿ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ವೈದ್ಯರನ್ನು ಫೋನಿನಲ್ಲಾದರೂ ಕೇಳಿ. ಟೆಲ್ಮಿಸಾರ್ಟಾನ್ ಬಹುಪಾಲು ಪಿತ್ತದ ಮೂಲಕ ಹೊರಹೋಗುವುದರಿಂದ ಕಾಮಾಲೆ ಬಂದಾಗಲೂ ಕೇಳಲೇಬೇಕು. ರಾಮಿಪ್ರಿಲ್, ಎನಾಲಾಪ್ರಿಲ್ ಮೊದಲಾದ ಬಿಪಿ ಮಾತ್ರೆಗಳೂ ಟೆಲ್ಮಿಸಾರ್ಟಾನ್‌ನಂತೆ ಆಂಜಿಯೋಟೆನ್ಸಿನ್ ದಾರಿಯಲ್ಲೇ ಕೆಲಸ ಮಾಡುತ್ತವೆ. ಟೆಲ್ಮಿಸಾರ್ಟಾನ್ ಜೊತೆ ರಾಮಿಪ್ರಿಲ್ ಸೇರಿಸಿ ನೋಡಿದ 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ಲಾಭ ಹೆಚ್ಚಲಿಲ್ಲ, ಬಿಪಿ ಕುಸಿತ ಮತ್ತು ಮೂತ್ರಪಿಂಡದ ತೊಂದರೆ ಹೆಚ್ಚಾಯಿತು. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್ ನುಂಗುವವರು ಆಮ್ಲೋಡಿಪಿನ್ ಜೊತೆ ದಿನಕ್ಕೆ 20 ಮಿ.ಗ್ರಾಂ ದಾಟಬಾರದು.

ಗರ್ಭಿಣಿಯರಿಗೆ ಈ ಮಾತ್ರೆ ಸಲ್ಲದು. ಟೆಲ್ಮಿಸಾರ್ಟಾನ್ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಮಗು ಬೇಕೆಂದು ನಿರ್ಧರಿಸಿದಾಗಲೇ ವೈದ್ಯರಲ್ಲಿ ಹೇಳಿ ಲ್ಯಾಬೆಟಲಾಲ್‌ನಂಥ ಬೇರೆ ಔಷಧಕ್ಕೆ ಬದಲಿಸಿಕೊಳ್ಳಿ.

ಬೆಳಿಗ್ಗೆಯೋ ರಾತ್ರಿಯೋ? ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಟೈಮ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ವಿಚಾರದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತೇ ಸರಿಯಾದ ಹೊತ್ತು. ಊಟದ ಮುಂಚೆ, ನಂತರ ಯಾವಾಗಲಾದರೂ ಆದೀತು, ಉಪವಾಸದ ದಿನವೂ ನೀರಿನೊಂದಿಗೆ ನುಂಗಬಹುದು. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮಾರನೆಯ ಡೋಸಿನ ಹೊತ್ತು ಹತ್ತಿರವಾಗಿದ್ದರೆ ಅದನ್ನು ಬಿಟ್ಟುಬಿಡಿ, ಎರಡನ್ನೂ ಒಟ್ಟಿಗೆ ಬೇಡ.

ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮೈಗೆ ಅನಿಸುವುದನ್ನು ನಂಬಲಾಗದು, ತೋಳಿಗೆ ಕಟ್ಟುವ ಯಂತ್ರ ಬೇಕು. ಬೆಳಿಗ್ಗೆ ಮೂತ್ರ ಮಾಡಿ ಬಂದು, ಕಾಫಿಗೂ ಮಾತ್ರೆಗೂ ಮೊದಲು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಮಟ್ಟದಲ್ಲಿ ಮೇಜಿನ ಮೇಲಿಟ್ಟು ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಸಂಜೆ ಮತ್ತೆರಡು. ಹೀಗೆ ಏಳು ದಿನ, ಮೊದಲ ದಿನದ್ದು ಬಿಟ್ಟು ಸರಾಸರಿ. ಮನೆಯ ಸರಾಸರಿ 135/85ಕ್ಕಿಂತ ಕೆಳಗಿರಬೇಕು. 75 ದಾಟಿದವರು, ಸಕ್ಕರೆ ಕಾಯಿಲೆಯವರು ಎದ್ದು ನಿಂತು ಒಂದನೆಯ ಮತ್ತು ಮೂರನೆಯ ನಿಮಿಷಕ್ಕೂ ನೋಡಿಕೊಳ್ಳಿ. ಕೂತಾಗಿನದಕ್ಕಿಂತ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಬಾತ್‌ರೂಮಿನಲ್ಲಿ ಬೀಳುವ ಅಪಾಯವಿದೆ, ಡೋಸ್ ಬಗ್ಗೆ ಮಾತಾಡಬೇಕು. ಮೊದಲಿಂದಲೇ ನಿಂತಾಗ ತಲೆಸುತ್ತುವ, ನಿತ್ರಾಣರಾದ ಹಿರಿಯರಿಗೆ ಜೋಡಿಯಿಂದ ಶುರು ಮಾಡುವುದನ್ನು ನಾವು ಮೆಚ್ಚುವುದಿಲ್ಲ. ಅವರಿಗೆ ಒಂದೇ ಔಷಧದಿಂದ ಹೊರಡುವುದು ಮೇಲು.

ಬೆಲೆಯ ವಿಚಾರ. ಜನೌಷಧಿ ಕೇಂದ್ರದಲ್ಲಿ ಇದೇ ಜೋಡಿ ಬ್ರ್ಯಾಂಡಿನದಕ್ಕಿಂತ ಬಹಳ ಅಗ್ಗ, ಸಂಯೋಜನೆ ಒಂದೇ ಆಗಿದ್ದರೆ ತೆಗೆದುಕೊಳ್ಳಲು ಹಿಂಜರಿಯಬೇಕಿಲ್ಲ. ಕಂಪನಿ ಬದಲಿಸಿದಾಗ ಎರಡು ವಾರ ಬಿಪಿ ಬರೆದಿಡಿ, ಅಷ್ಟು ಸಾಕು. ಸ್ಟ್ರಿಪ್‌ನಲ್ಲಿ 10, 14, 15 ಹೀಗೆ ಬೇರೆ ಬೇರೆ ಸಂಖ್ಯೆ ಇರುವುದರಿಂದ ಬೆಲೆಯನ್ನು ಒಂದು ಮಾತ್ರೆಗೆ ಲೆಕ್ಕ ಹಾಕಿ ಹೋಲಿಸಿ. 31 ದಿನದ ತಿಂಗಳಿಗೆ 15ರ ಎರಡು ಸ್ಟ್ರಿಪ್ ಒಂದು ಮಾತ್ರೆ ಕಡಿಮೆ ಬೀಳುತ್ತದೆ, ಒಂದು ವಾರದ ದಾಸ್ತಾನು ಸದಾ ಇರಲಿ. ಸ್ಟ್ರಿಪ್ ಕತ್ತರಿಸಿ ಐದೇ ಮಾತ್ರೆ ಕೊಳ್ಳಬೇಡಿ: ಅವಧಿ, ಬ್ಯಾಚ್, ಸಂಯೋಜನೆ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳಿಗೆ ಕ್ಯೂಆರ್ ಕೋಡ್ ಕಡ್ಡಾಯ. ನಿಮ್ಮ ಸ್ಟ್ರಿಪ್‌ನಲ್ಲಿ ಅದಿದ್ದರೆ ಸ್ಕ್ಯಾನ್ ಮಾಡಿ, ಬರುವ ಬ್ಯಾಚ್ ನಂಬರನ್ನು ಅಚ್ಚಾದ ನಂಬರಿನೊಂದಿಗೆ ಹೋಲಿಸಿ. ಮನೆಯಲ್ಲಿ ಮಾತ್ರೆ ಬಿಡಿಸುವಾಗ ಅವಧಿ ಅಚ್ಚಾದ ತುದಿಯ ಎದುರು ಬದಿಯಿಂದ ಶುರು ಮಾಡಿ. ಕೊನೆಯ ಮಾತ್ರೆಯವರೆಗೂ ಆ ಅಕ್ಷರಗಳು ಉಳಿಯುತ್ತವೆ, ತುರ್ತು ಚಿಕಿತ್ಸೆಗೆ ಹೋದಾಗ ಅಲ್ಲಿನ ವೈದ್ಯರಿಗೆ ತೋರಿಸಲು ಅದೇ ತುಂಡು ಸಾಕು.