ಹಳೇ ವಿಮಾನ, 8×42 ದುರ್ಬೀನು ಮತ್ತು ನನ್ನ ಒದ್ದೆ ಕನ್ನಡಕ

ಮೊದಲೇ ಹೇಳಿಬಿಡುತ್ತೇನೆ, ನಾನು ಹಕ್ಕಿ ನೋಡುವವಳಲ್ಲ. ಈ ಅಳತೆಯ ಬೈನಾಕ್ಯುಲರ್ ಬಗ್ಗೆ ಬರೆಯುವವರೆಲ್ಲ ಕೊಕ್ಕು, ಪುಕ್ಕ, ಗೂಡು ಅಂತಲೇ ಶುರು ಮಾಡುತ್ತಾರೆ. ನಾನು ಇದನ್ನು ಕೊಂಡಿದ್ದು ವಿಮಾನ ನೋಡುವುದಕ್ಕೆ. ಅದೂ ಎಂಬತ್ತು ತೊಂಬತ್ತು ವರ್ಷದ ಮುದಿ ವಿಮಾನಗಳನ್ನು, ಇನ್ನೂ ಹಾರುತ್ತಿರುವವನ್ನು. ನಡುನಡುವೆ ಎದೆಗೂಡು ನಡುಗಿಸಿ ಹೋಗುವ ಈಗಿನ ಯುದ್ಧವಿಮಾನಗಳನ್ನೂ.

ಅವು ಹಾರುವುದನ್ನು ಕಂಡರೆ ನನಗೆ ಅಳು ಬರುತ್ತದೆ. ಯಾಕೋ ಗೊತ್ತಿಲ್ಲ. ನಮ್ಮ ಮನೆತನದಲ್ಲಿ ಸೈನ್ಯಕ್ಕೆ ಸೇರಿದವರು ಒಬ್ಬರೂ ಇಲ್ಲ. ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಪಾಠ ಹೇಳಿದವಳು ನಾನು. ರೆಕ್ಕೆ ವಿಮಾನವನ್ನು ಯಾಕೆ ಎತ್ತುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಒರೆಸಿದ್ದೇನೋ ಲೆಕ್ಕವಿಲ್ಲ. ಆದರೂ ಚಕ್ರ ನೆಲ ಬಿಟ್ಟ ಕ್ಷಣಕ್ಕೆ ಗಂಟಲು ಕಟ್ಟುತ್ತದೆ. ಹಾಗಾಗಿ ಈ ವಿಮರ್ಶೆಯನ್ನು, ನೋಡುವ ಹೊತ್ತಿಗೆ ಕಣ್ಣು ಒದ್ದೆಯಾಗಿರುವ ಗಿರಾಕಿಯ ವಿಮರ್ಶೆ ಅಂತ ಓದಿಕೊಳ್ಳಿ.

ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ. ದೂರು ಒಂದೆರಡಿವೆ, ಹೊಗಳಿಕೆ ಅದಕ್ಕಿಂತ ಹೆಚ್ಚಿದೆ, ಎರಡೂ ಈ ಅಳತೆಯ ಮಧ್ಯಮ ದರ್ಜೆಯ ಯಾವ ದುರ್ಬೀನಿಗಾದರೂ ಹೊಂದುವಂಥವೇ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು 10×50 ತೋರಿಸಿ, 'ಮೇಡಂ, ಇನ್ನೂ ಹತ್ತಿರ ಕಾಣುತ್ತೆ' ಅಂದರು. ಕಾಣುತ್ತದೆ, ನಿಜ. ಜೊತೆಗೆ ನನ್ನ ಕೈಯ ನಡುಕವೂ ಹತ್ತು ಪಟ್ಟು ಕಾಣುತ್ತದೆ. ಹಕ್ಕಿಯಾದರೆ ಕೊಂಬೆಯ ಮೇಲೆ ಕೂತಿರುತ್ತದೆ, ಮೊಣಕೈಯನ್ನು ಎಲ್ಲಾದರೂ ಊರಿ ನೋಡಬಹುದು. ವಿಮಾನದ ಹಿಂದೆ ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು. ಅದಕ್ಕೆ ಎಂಟೇ ಸಾಕು. ಎಂಟಕ್ಕೆ ನೋಟದ ಅಗಲವೂ ಹೆಚ್ಚು. ನನ್ನದರಲ್ಲಿ ಒಂದು ಕಿಲೋಮೀಟರ್ ದೂರಕ್ಕೆ 140 ಮೀಟರ್, ಅಂದರೆ ಸುಮಾರು ಎಂಟು ಡಿಗ್ರಿ. ಈ ಎಂಟು ಡಿಗ್ರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡಕ ಹಾಕುವವರು ಕಣ್ಣು ಇಡುವ ಕಡೆಯ ರಬ್ಬರ್ ಬಟ್ಟಲನ್ನು ತಿರುಗಿಸಿ ಒಳಕ್ಕೆ ಇಳಿಸಬೇಕು. ಇಳಿಸದೆ ನೋಡಿದರೆ ನಡುವೆ ಒಂದು ಸಣ್ಣ ವೃತ್ತ ಮಾತ್ರ ಕಾಣುತ್ತದೆ. ಎರಡು ತಿಂಗಳು ಹಾಗೆಯೇ ನೋಡಿ, ಮೋಸ ಹೋದೆ ಅಂತ ಗೊಣಗಿದ್ದೆ. ಎರಡು ಕಣ್ಣಿನ ವ್ಯತ್ಯಾಸ ಸರಿಮಾಡುವ ಬಳೆ ಮಾತ್ರ ಸಡಿಲ, ಚೀಲದಿಂದ ತೆಗೆದಾಗಲೆಲ್ಲ ಎಲ್ಲೋ ಜರುಗಿರುತ್ತದೆ. ಈಗ ಅದರ ಜಾಗಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ.

ಇದರಲ್ಲಿ ನಾನು ಸರಿಯಾಗಿ ನೋಡಿದ ಮೊದಲ ವಿಮಾನ ಟೈಗರ್ ಮಾತ್. 1931ರಲ್ಲಿ ಮೊದಲು ಹಾರಿದ, ಒಂದರ ಮೇಲೊಂದು ಎರಡು ರೆಕ್ಕೆಯ, ಬಟ್ಟೆ ಹೊದಿಸಿದ ತರಬೇತಿ ವಿಮಾನ. ಎರಡನೇ ಮಹಾಯುದ್ಧದ ಎಷ್ಟೋ ಪೈಲಟ್‌ಗಳು ಹಾರುವುದನ್ನು ಕಲಿತದ್ದು ಇದರಲ್ಲೇ. ಅದಿನ್ನೂ ಹುಲ್ಲಿನ ಮೇಲೆ ನಿಂತಿತ್ತು. ಒಬ್ಬಾತ ಮೂತಿಯ ಮುಂದೆ ನಿಂತು ಎರಡೂ ಅಂಗೈಯನ್ನು ಪ್ರೊಪೆಲ್ಲರಿನ ಅಲಗಿನ ಮೇಲಿಟ್ಟ. ಒಳಗೆ ಕೂತವರಿಗೆ ಏನೋ ಕೂಗಿದ, ಅವರು ಏನೋ ಕೂಗಿದರು. ಆತ ಅಲಗನ್ನು ಜೋರಾಗಿ ಕೆಳಕ್ಕೆಳೆದು, ಅದೇ ರಭಸದಲ್ಲಿ ಹಿಂದಕ್ಕೆ ಸರಿದ. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದ. ಮೂರನೇ ಸಲಕ್ಕೆ ಹಿಡಿಯಿತು. ಆಗ ದುರ್ಬೀನಿನಲ್ಲಿ ಕಂಡದ್ದನ್ನು ಬರಿಗಣ್ಣಿನಲ್ಲಿ ನಾನು ಕಾಣುತ್ತಿರಲಿಲ್ಲ: ರೆಕ್ಕೆಯ ಬಟ್ಟೆ ಇಡಿಯಾಗಿ ನಡುಗಿತು. ಮಲಗಿದ್ದ ಹಸು ಎದ್ದು ನಿಂತು ಮೈಚರ್ಮ ಅದುರಿಸುತ್ತದಲ್ಲ, ಹಾಗೆ. ಅಷ್ಟಕ್ಕೇ ನನಗೆ ಕಣ್ಣು ತುಂಬಿತು. ಇನ್ನೂ ಹಾರಿರಲೇ ಇಲ್ಲ ಅದು!

ಪಕ್ಕದಲ್ಲಿ ನಮ್ಮ ಯಜಮಾನರು ಮಡಚುವ ಕುರ್ಚಿಯಲ್ಲಿ ಕೂತು ಪುಸ್ತಕ ಓದುತ್ತಿದ್ದರು.

'ಅಳ್ತಿದೀಯೇನೇ?'

'ಇಲ್ಲ ಕಣ್ರೀ, ಇದರ ರಬ್ಬರ್ ಕಣ್ಣಿಗೆ ಒತ್ತಿತು.'

'ಎರಡೂ ಕಣ್ಣಿಗಾ?'

ಆಮೇಲೆ ಇಂಗ್ಲೆಂಡಿನ ಡಕ್ಸ್‌ಫರ್ಡ್ ವಿಮಾನ ಮೈದಾನದಲ್ಲಿ ಸ್ಪಿಟ್‌ಫೈರ್ ನೋಡಿದೆ, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಅದನ್ನು ನೋಡಲು ಅದಕ್ಕಿಂತ ತಕ್ಕ ಜಾಗ ಇರಲಿಕ್ಕಿಲ್ಲ. 1938ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್ ಒಂದಕ್ಕೆ ಮೊಟ್ಟಮೊದಲ ಸ್ಪಿಟ್‌ಫೈರ್ ಬಂದದ್ದು ಅಲ್ಲಿಗೇ. ಅದರ ವಿನ್ಯಾಸಕಾರ ಆರ್. ಜೆ. ಮಿಚೆಲ್ ಆ ಹೊತ್ತಿಗೆ ಇರಲಿಲ್ಲ. 1936ರ ಮಾರ್ಚ್ 5ರಂದು ವಿಮಾನ ಮೊದಲ ಸಲ ಹಾರಿತು, ಮುಂದಿನ ವರ್ಷ ಆತ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 42. ನನ್ನ ದುರ್ಬೀನಿನ ಮೇಲೆ ಕೆತ್ತಿರುವ ಆ ಅಂಕಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಅವತ್ತಿನಿಂದ ಅದನ್ನು ಓದಿದಾಗಲೆಲ್ಲ ಆತನ ನೆನಪಾಗುತ್ತದೆ.

ವಿಮಾನ ದೂರದಲ್ಲಿ ತಿರುವು ತೆಗೆದುಕೊಳ್ಳುವಾಗ 8×42 ಕೊಟ್ಟ ನೋಟಕ್ಕೆ ಪೂರ್ತಿ ಅಂಕ. ರೆಕ್ಕೆ ಮಗ್ಗುಲಾದಾಗ ಆ ದೀರ್ಘವೃತ್ತದ ಆಕಾರ ಬೆಳಕಿಗೆ ಎದುರಾಗಿ ಬಿಡಿಸಿಟ್ಟ ಹಾಗೆ ಕಂಡಿತು. ಇಂಜಿನ್ನಿನ ಪಕ್ಕದ ಹೊಗೆಕೊಳವೆಗಳ ಸಾಲು, ಅಲ್ಲಿಂದ ಹಿಂದಕ್ಕೆ ಬಳಿದಂತಿದ್ದ ಮಸಿ, ಹೊಟ್ಟೆಯ ಕೆಳಗೆ ಎಣ್ಣೆಯ ಗೆರೆ. ಗಾಜಿನ ಗುಮ್ಮಟದೊಳಗೆ ಪೈಲಟ್ಟಿನ ತಲೆ ನಮ್ಮ ಕಡೆಗೆ ತಿರುಗಿದ್ದೂ ಕಂಡಿತು. ದೂರದಿಂದ ಬೊಂಬೆಯಂತೆ ತೋರುವ ಯಂತ್ರದೊಳಗೆ ಒಂದು ತಲೆ ತಿರುಗಿದರೆ ಎದೆ ಧಸಕ್ಕೆನ್ನುತ್ತದೆ.

ಆದರೆ ಏನೋ ಒಂದು ಹೊಂದುತ್ತಿರಲಿಲ್ಲ. ದುರ್ಬೀನು ಕಣ್ಣಿಗಿಟ್ಟಿದ್ದಷ್ಟು ಹೊತ್ತು ಚಂದ ಕಂಡಿತೇ ಹೊರತು ಅಳು ಬರಲಿಲ್ಲ. ಕೆಳಗಿಳಿಸಿದೆ, ಬಂತು. ಮತ್ತೆ ಏರಿಸಿದೆ, ನಿಂತಿತು. ಮೇಷ್ಟ್ರ ಬುದ್ಧಿ ಸುಮ್ಮನಿರುತ್ತದೆಯೇ? ರಾತ್ರಿ ಕೂತು ಲೆಕ್ಕ ಹಾಕಿದೆ.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವಿಮಾನ ಒಂದು ಕಿಲೋಮೀಟರ್ ಆಚೆ, ಗಂಟೆಗೆ 400 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಹೋಗುತ್ತಿದೆ ಅಂದುಕೊಳ್ಳಿ. ಅದರ ಸದ್ದು ನನ್ನ ಕಿವಿಗೆ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ 330 ಮೀಟರ್ ಮುಂದೆ ಹೋಗಿರುತ್ತದೆ. ನನ್ನ ದುರ್ಬೀನಿನ ನೋಟ ಎಷ್ಟಗಲ? 140 ಮೀಟರ್. ಅಂದರೆ ಸದ್ದು ಹೊರಟ ಜಾಗ ಆ ವೃತ್ತದಿಂದ ಆಚೆಗೇ ಉಳಿಯುತ್ತದೆ. ಕಣ್ಣಿನ ಮುಂದೆ ಒಂದು ವಿಮಾನ, ಕಿವಿಯಲ್ಲಿ ಅದರ ಮೂರು ಸೆಕೆಂಡ್ ಹಿಂದಿನ ದನಿ, ಎರಡಕ್ಕೂ ನೆಂಟಸ್ತಿಕೆಯೇ ಇಲ್ಲದ ಹಾಗೆ. ಬರಿಗಣ್ಣಿನಲ್ಲಾದರೆ ಆಕಾಶ ಪೂರ್ತಿ ಕಾಣುತ್ತದೆ. ಸದ್ದು ಇಲ್ಲಿ, ವಿಮಾನ ಅಲ್ಲಿ, ನಡುವೆ ಖಾಲಿ. ನನ್ನನ್ನು ಅಳಿಸುವುದು ಆ ಖಾಲಿ ಜಾಗವೇ ಅಂತ ನನ್ನ ಗುಮಾನಿ. ಇಂಜಿನ್ ಕೂಗುತ್ತಿರುವ ಕಡೆ ತಲೆಯೆತ್ತಿದರೆ ಅಲ್ಲಿ ಯಾರೂ ಇರುವುದಿಲ್ಲ. ವಿಮಾನ ಆಗಲೇ ದಾಟಿ ಹೋಗಿರುತ್ತದೆ.

ಹತ್ತಿರ ಬಂದಾಗಲಂತೂ ದುರ್ಬೀನು ದಂಡ. 200 ಮೀಟರ್ ದೂರದಲ್ಲಿ ಅದೇ ವೇಗದಲ್ಲಿ ಎದುರಿಗೆ ಹಾಯುವ ವಿಮಾನ ಸೆಕೆಂಡಿಗೆ ಮೂವತ್ತು ಡಿಗ್ರಿಗೂ ಹೆಚ್ಚು ಸರಿಯುತ್ತದೆ. ನನ್ನ ಎಂಟು ಡಿಗ್ರಿಯನ್ನು ದಾಟಲು ಅದಕ್ಕೆ ಕಾಲು ಸೆಕೆಂಡ್ ಸಾಕು. ಕೊರಳಿಗೆ ನೇತುಹಾಕಿ ಸುಮ್ಮನೆ ನಿಲ್ಲಬೇಕು.

ಜೆಟ್‌ಗಳಿಗೂ ಇದೇ ಮಾತು, ಇನ್ನೂ ಖಡಾಖಂಡಿತವಾಗಿ. ಆಫ್ಟರ್‌ಬರ್ನರ್ (ಹೆಚ್ಚಿನ ನೂಕುಬಲಕ್ಕೆ ಇಂಜಿನ್ನಿನ ಹಿಂಬದಿಯಲ್ಲಿ ಮತ್ತಷ್ಟು ಇಂಧನ ಉರಿಸುವ ಏರ್ಪಾಡು) ಹೊತ್ತಿಸಿಕೊಂಡು ನೆಟ್ಟಗೆ ಮೇಲೇರುವ ಯುದ್ಧವಿಮಾನವನ್ನು ಕಣ್ಣಿನಿಂದ ನೋಡುವುದಕ್ಕಿಂತ ಪಕ್ಕೆಲುಬಿನಿಂದ ಕೇಳುವುದೇ ಹೆಚ್ಚು. ಅದಕ್ಕೆ ದುರ್ಬೀನಲ್ಲ, ಕಿವಿಗೆ ಇಯರ್‌ಪ್ಲಗ್ ಬೇಕು. ಇನ್ನೊಂದು ಎಚ್ಚರಿಕೆ: ಲೂಪ್ ಹೊಡೆಯುವ, ಅಂದರೆ ಆಕಾಶದಲ್ಲಿ ಮೇಲೆ ಕೆಳಗೆ ಸುತ್ತು ಹಾಕುವ ವಿಮಾನ ಯಾವಾಗ ಸೂರ್ಯನತ್ತ ನುಗ್ಗುತ್ತದೋ ಹೇಳಲಾಗದು. ಸೂರ್ಯ ಆ ಕಡೆಗಿದ್ದರೆ ದುರ್ಬೀನು ಎತ್ತಲೇಬೇಡಿ. ಒಂದು ಕ್ಷಣ ಸೂರ್ಯನೇ ವೃತ್ತದೊಳಗೆ ಬಂದರೂ ಕಣ್ಣು ಹೋದೀತು.

ಹಾಗಾದರೆ ಇದನ್ನು ಕೊಂಡದ್ದು ದಂಡವೇ ಅಂತ ಕೇಳಿದರೆ, ಲ್ಯಾಂಕಾಸ್ಟರ್ ಬಗ್ಗೆ ಹೇಳಲೇಬೇಕು.

ಎರಡನೇ ಮಹಾಯುದ್ಧದ, ನಾಲ್ಕು ಇಂಜಿನ್ನಿನ ಬ್ರಿಟಿಷ್ ಬಾಂಬರ್. 7,377 ತಯಾರಾಗಿದ್ದವು, ಇವತ್ತು ಹಾರುವ ಸ್ಥಿತಿಯಲ್ಲಿರುವುದು ಎರಡೇ, ಒಂದು ಬ್ರಿಟನ್ನಿನಲ್ಲಿ, ಒಂದು ಕೆನಡಾದಲ್ಲಿ. ನಾನು ನೋಡಿದ್ದು ಬ್ರಿಟನ್ನಿನ ಪಿಎ474. ಅದು ಸಿದ್ಧವಾದದ್ದೇ 1945ರಲ್ಲಿ, ಯುದ್ಧದಲ್ಲಿ ಭಾಗವಹಿಸಲೇ ಇಲ್ಲ. ನಾಲ್ಕು ಮರ್ಲಿನ್ ಇಂಜಿನ್‌ಗಳು, ಒಂದೊಂದಕ್ಕೆ ಹನ್ನೆರಡು ಸಿಲಿಂಡರ್, 27 ಲೀಟರ್. ಸದ್ದು ಅರಚಾಟವಲ್ಲ. ದೊಡ್ಡ ತಂಬೂರಿಯ ಹಾಗೆ ಒಂದೇ ಶ್ರುತಿ ಹಿಡಿದು, ನಾಲ್ಕೂ ಕೂದಲೆಳೆಯಷ್ಟು ಆಚೀಚೆಯಾಗಿ, ಅಲೆ ಅಲೆಯಾಗಿ ಬರುವ ಗುಂಯ್.

ಎದುರು ಹಾದುಹೋಗುವಾಗ ನಿಯಮದಂತೆ ದುರ್ಬೀನು ಕೆಳಗಿಟ್ಟೆ. ಅದು ಬೆನ್ನು ತಿರುಗಿಸಿ ಹೊರಟ ಮೇಲೆ ಎತ್ತಿದೆ. ಹೋಗುತ್ತಿರುವ ವಿಮಾನ ವೃತ್ತದ ನಡುವೆ ಅಲುಗದೆ ನಿಲ್ಲುತ್ತದೆ, ಬರೀ ಚಿಕ್ಕದಾಗುತ್ತ ಹೋಗುತ್ತದೆ. ಹಿಂಬದಿಯ ತುದಿಯಲ್ಲಿ, ಎರಡು ಬಾಲದ ರೆಕ್ಕೆಗಳ ನಡುವೆ, ಒಂದು ಗಾಜಿನ ಗೂಡು. ಹಿಂದಿನ ಬಂದೂಕುಗಾರ ಕೂರುತ್ತಿದ್ದ ಜಾಗ. ಏಳು ಜನರಲ್ಲಿ ಆರು ಮಂದಿ ಮುಂದುಮುಂದಕ್ಕೆ, ಇವನೊಬ್ಬ ಎಲ್ಲರಿಗೂ ಬೆನ್ನು ಹಾಕಿ, ಬಂದ ದಾರಿಯನ್ನೇ ನೋಡುತ್ತ, ಚಳಿಯಲ್ಲಿ, ಗಂಟೆಗಟ್ಟಲೆ. ಆ ಗೂಡಿನಲ್ಲಿ ಪ್ಯಾರಾಚೂಟ್ ಇಟ್ಟುಕೊಳ್ಳುವಷ್ಟೂ ಜಾಗವಿರಲಿಲ್ಲ. ಅದು ಬೆನ್ನ ಹಿಂದೆ, ವಿಮಾನದ ಒಡಲೊಳಗೆ ಇರುತ್ತಿತ್ತು. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್ ಆ ಯುದ್ಧದಲ್ಲಿ 55,573 ವಿಮಾನ ಸಿಬ್ಬಂದಿಯನ್ನು ಕಳೆದುಕೊಂಡಿತು. ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವರೇ ಹೆಚ್ಚು.

ಬಿಸಿಲು ಆ ಗಾಜಿಗೆ ಒಮ್ಮೆ ತಾಗಿ ಮಿಂಚಿತು. ಬರಿಗಣ್ಣಿನಲ್ಲಿ ನೋಡಿದ್ದರೆ ನನಗದು ಗೊತ್ತೇ ಆಗುತ್ತಿರಲಿಲ್ಲ.

ಅವತ್ತು ಅತ್ತಿದ್ದಕ್ಕೆ ನನಗೆ ನೆಮ್ಮದಿಯೇನೂ ಇಲ್ಲ, ಅದನ್ನೂ ಬರೆದುಬಿಡುತ್ತೇನೆ. ಇದೇ ಮಾದರಿಯ ವಿಮಾನಗಳು ಜರ್ಮನಿಯ ಹ್ಯಾಂಬರ್ಗ್, ಡ್ರೆಸ್ಡೆನ್ ಮೇಲೆ ಸುರಿದದ್ದು ಬೆಂಕಿಯನ್ನು. ಕೆಳಗಿದ್ದವರಿಗೂ ಇದೇ ಗುಂಯ್ ಕೇಳಿಸಿತ್ತು. ಯಜಮಾನರು ಅದನ್ನೇ ಅಂದರು, 'ಕೊಲ್ಲೋಕೆ ಮಾಡಿದ್ದು ಕಣೇ ಅದು.' ಹೌದು ಅಂದೆ. ಗೊತ್ತಿದ್ದೂ ಅಳು ನಿಲ್ಲಲಿಲ್ಲ. ಯಾರಿಗೋಸ್ಕರ ಅಳುತ್ತಿದ್ದೇನೆ ಅಂತ ಮೊದಲು ನಾನೇ ಗೊಂದಲದಲ್ಲಿದ್ದೆ, ಅವರ ಮಾತು ಕೇಳಿದ ಮೇಲೆ ಇನ್ನಷ್ಟಾಯಿತು. ಅವರು ಪುಸ್ತಕ ಮಡಚಿ, ಒಂದು ಮಾತೂ ಆಡದೆ ಕೈಚಾಚಿ ದುರ್ಬೀನು ಇಸಕೊಂಡರು. ಚುಕ್ಕೆಯಾಗುವವರೆಗೂ ನೋಡಿದರು. ವಾಪಸು ಕೊಟ್ಟಾಗ ಫೋಕಸ್ ಎಲ್ಲಿಗೋ ಹೋಗಿತ್ತು.

ಅಲ್ಲಿಂದ ನನ್ನ ಬಳಕೆಯ ಕ್ರಮ ಹೀಗೆ: ನೆಲದ ಮೇಲಿರುವಾಗ ಏರಿಸು, ಎದುರು ಬಂದಾಗ ಇಳಿಸು, ಹೊರಟಾಗ ಮತ್ತೆ ಏರಿಸು. ಗುಂಪಾಗಿ ಹಾರುವಾಗ ಮುಟ್ಟಲೇಬೇಡ. ತೀರಿಕೊಂಡವರ ನೆನಪಿಗೆ ನಾಲ್ಕು ವಿಮಾನ ಒಟ್ಟಿಗೆ ಬಂದು, ಒಂದು ಮಾತ್ರ ಗುಂಪು ಬಿಟ್ಟು ಮೇಲಕ್ಕೆ ಹೊರಟುಹೋಗುತ್ತದಲ್ಲ, ಆಗ ನಾನೊಮ್ಮೆ ಹೋದದ್ದರ ಬೆನ್ನು ಹತ್ತಿ ಕೆಟ್ಟೆ. ನೋಡಬೇಕಾದದ್ದು ಅದು ಬಿಟ್ಟುಹೋದ ಸಂದನ್ನು.

ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿರುವ ಹಳೇ ವಿಮಾನಗಳ ಶಟಲ್‌ವರ್ತ್ ಸಂಗ್ರಹಕ್ಕೆ ಹೋಗುವವರು ಇದನ್ನು ಚೀಲದಲ್ಲೇ ಬಿಡಬಹುದು. ಅಲ್ಲಿರುವ 1909ರ ಬ್ಲೇರಿಯೋ ವಿಮಾನ ಗಾಳಿ ಪೂರಾ ನಿಂತಿದ್ದರೆ ಮಾತ್ರ ಹೊರಗೆ ಬರುತ್ತದೆ, ಬಂದರೂ ಹುಲ್ಲಿನ ಮೇಲೊಂದು ಸಣ್ಣ ನೆಗೆತವಷ್ಟೇ. ಅದಕ್ಕೆ ಎಂಟು ಪಟ್ಟು ಬೇಡ, ಉಸಿರು ಬಿಗಿಹಿಡಿದರೆ ಸಾಕು.

ಇನ್ನು ಮಂಜಿನ ವಿಚಾರ. ಒಳಗೆ ನೈಟ್ರೋಜನ್ ತುಂಬಿದೆ, ಮಂಜು ಹಿಡಿಯುವುದಿಲ್ಲ ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿದೆ. ಒಳಗೆ ಹಿಡಿಯುವುದಿಲ್ಲ, ನಿಜ. ಹೊರಗೆ, ಚಳಿಯ ದಿನ, ಒದ್ದೆ ಕಣ್ಣನ್ನು ಹತ್ತಿರ ಇಟ್ಟರೆ ಗಾಜು ಮತ್ತು ಕನ್ನಡಕ ಎರಡೂ ಒಟ್ಟಿಗೆ ಹಬೆ ಹಿಡಿಯುತ್ತವೆ. ರಬ್ಬರ್ ಬಟ್ಟಲನ್ನು ಅರ್ಧ ಎತ್ತಿ, ಸ್ವಲ್ಪ ಗಾಳಿಯಾಡಲು ಬಿಟ್ಟರೆ ವಾಸಿ. ಒರೆಸಲು ಸೆರಗು ಬೇಡ, ಗೆರೆ ಬೀಳುತ್ತದೆ. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಎರಡು ಇಟ್ಟುಕೊಳ್ಳಿ, ಒಂದು ಗಾಜಿಗೆ, ಒಂದು ನಿಮಗೆ. ಜೊತೆಗೆ ಬಂದ ಕೊರಳಪಟ್ಟಿ ತೆಳು. ಮುಕ್ಕಾಲು ಕಿಲೋ ಹತ್ತಿರದ ತೂಕ ಸಂಜೆಯ ಹೊತ್ತಿಗೆ ಕತ್ತಿಗೆ ಕೊರೆಯುತ್ತದೆ. ಅಗಲದ್ದನ್ನು ಬೇರೆ ಕೊಂಡುಕೊಂಡೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಮುಂದಿನ ಗಾಜಿನ ಮುಚ್ಚಳಗಳಿಗೆ. ರಬ್ಬರ್ ಬಳೆಗೆ ಸಿಕ್ಕಿಸಿರುತ್ತಾರೆ, ಕೈ ತಾಗಿದರೆ ಕಳಚಿಕೊಳ್ಳುತ್ತದೆ. ಎಡಗಡೆಯದು ಡಕ್ಸ್‌ಫರ್ಡ್ ಹುಲ್ಲಿನಲ್ಲಿ ಎಲ್ಲೋ ಬಿತ್ತು, ಲ್ಯಾಂಕಾಸ್ಟರ್ ಹೋಗುತ್ತಿದ್ದಾಗ. ಆಮೇಲೆ ಇಬ್ಬರೂ ಮಂಡಿಯೂರಿ ಹುಡುಕಿದೆವು, ಸಿಗಲಿಲ್ಲ.